ಎರಡು ಅಂತಸ್ತಿನ ಕಾಲುವೆ: ಉಟ್ರೆಕ್ಟ್‌ನಲ್ಲಿ ಗೆಳೆಯರೊಡನೆ ಒಂದು ನಿಧಾನದ ದಿನ

ಊರಿನಿಂದ ಯಾರಾದರೂ ನೆದರ್ಲೆಂಡ್ಸ್‌ಗೆ ಬಂದರೆ ಆಮ್‌ಸ್ಟರ್‌ಡಾಮ್‌ನ ಕಾಲುವೆ, ವಸಂತವಾದರೆ ಟ್ಯುಲಿಪ್ ತೋಟ, ಒಂದು ಗಾಳಿಯಂತ್ರ, ಅಷ್ಟಕ್ಕೆ ಸುತ್ತಾಟ ಮುಗಿಯುತ್ತದೆ. ಆಮ್‌ಸ್ಟರ್‌ಡಾಮ್ ಸೆಂಟ್ರಾಲ್‌ನಲ್ಲಿ ರೈಲು ಹತ್ತಿ ಸುಮಾರು 27 ನಿಮಿಷ ಕೂತರೆ ಸಿಗುವ ಉಟ್ರೆಕ್ಟ್, ಬಹಳ ಜನರ ಪಾಲಿಗೆ ರೈಲು ಬದಲಾಯಿಸುವ ಜಾಗ ಮಾತ್ರ. ಇದು ಬೇಸರದ ಸಂಗತಿ. ಕಾಲುವೆಯ ಊರು ಯಾಕೆ ಹುಟ್ಟುತ್ತದೆ, ಹೇಗೆ ಬಾಳುತ್ತದೆ ಎಂದು ಮುಟ್ಟಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಊರನ್ನು ಹೇಳುವುದು ಕಷ್ಟ. ಆಮ್‌ಸ್ಟರ್‌ಡಾಮ್‌ನಲ್ಲಿ ರಸ್ತೆಯಂಚಿಗೆ ನಿಂತು ಕೆಳಗಿನ ನೀರು ನೋಡುತ್ತೇವೆ. ಉಟ್ರೆಕ್ಟ್‌ನಲ್ಲಿ ರಸ್ತೆಯಿಂದ ಮೆಟ್ಟಿಲಿಳಿದರೆ ಕೆಳಗೆ ಇನ್ನೊಂದು ಬೀದಿಯೇ ಇದೆ, ನೀರಿಗೆ ಅಂಟಿಕೊಂಡು. ಅದರ ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಸಾಲಾಗಿ ಕಮಾನು ಬಾಗಿಲುಗಳು. ಮಂಗಳೂರಿನ ಕಡೆ ‘ದಕ್ಕೆ’ ಅನ್ನುತ್ತೇವಲ್ಲ, ದೋಣಿಯಿಂದ ಸರಕು ಇಳಿಸುವ ಕಟ್ಟೆ, ಇದು ಅದೇ. ಡಚ್ಚರು ‘ವೆರ್ಫ್’ ಅನ್ನುತ್ತಾರೆ.

ಆ ಕಾಲುವೆಯ ಹೆಸರು ಔಡೆಗ್ರಾಖ್ಟ್, ಅಂದರೆ ಹಳೆ ಕಾಲುವೆ. ಹಳೇ ಊರನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು ಸುಮಾರು ಎರಡು ಕಿಲೋಮೀಟರ್ ಹರಿಯುತ್ತದೆ. ಒಂದು ದಿನಕ್ಕೆ ಈ ಎರಡು ಕಿಲೋಮೀಟರ್ ಸಾಕು. ಪಟ್ಟಿ ಹಿಡಿದು ಹತ್ತು ಜಾಗಕ್ಕೆ ಓಡುವ ಬದಲು ಒಂದೇ ಕಾಲುವೆಯನ್ನು ಮೇಲಿಂದ ಒಮ್ಮೆ, ಕೆಳಗಿನಿಂದ ಒಮ್ಮೆ, ನೀರಿನ ಮೇಲಿಂದ ಒಮ್ಮೆ ನೋಡಿದರೆ ಈ ಊರು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎರಡು ಅಂತಸ್ತು ಯಾಕೆ ಬಂತು ಅನ್ನುವುದನ್ನು ಮೊದಲೇ ತಿಳಿದಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಮೊದಲು ರೈನ್ ನದಿಯ ಒಂದು ಕವಲು ಇಲ್ಲಿ ಹರಿಯುತ್ತಿತ್ತು. ರೋಮನ್ನರು ಕ್ರಿ.ಶ. 47ರ ಸುಮಾರಿಗೆ ಅದರ ದಡದಲ್ಲಿ ಕೋಟೆ ಕಟ್ಟಿದ್ದು ಅದೇ ಕಾರಣಕ್ಕೆ. ಅವರ ಸಾಮ್ರಾಜ್ಯದ ಉತ್ತರದ ಗಡಿ ಆ ನದಿ. 1122ರಲ್ಲಿ ಮೇಲ್ಗಡೆ ವೈಕ್ ಬೈ ಡೂರ್‌ಸ್ಟೇಡೆ ಎಂಬಲ್ಲಿ ನದಿಗೆ ಅಡ್ಡಗಟ್ಟೆ ಹಾಕಿದರು. ಪ್ರವಾಹದ ಕಾಟ ತಪ್ಪಿತು, ಆದರೆ ವ್ಯಾಪಾರದ ಊರಿಗೆ ನೀರಿನ ದಾರಿ ಬೇಕೇಬೇಕಲ್ಲ. ಅದಕ್ಕೆ ಕಾಲುವೆ ತೋಡಿದರು. ಉಟ್ರೆಕ್ಟ್‌ಗೆ ನಗರದ ಹಕ್ಕುಪತ್ರ ಸಿಕ್ಕಿದ್ದೂ ಅದೇ 1122ರಲ್ಲಿ. ಏರಿಳಿತ ನಿಂತು ನೀರಿನ ಮಟ್ಟ ಸ್ಥಿರವಾದ ಮೇಲೆ ನೀರಿನ ಅಂಚಿನಲ್ಲೇ ಧೈರ್ಯವಾಗಿ ಕಟ್ಟೆ ಕಟ್ಟಬಹುದಾಯಿತು. ಮೇಲೆ ದಡದ ಬೀದಿ ಒಂದು ಮಹಡಿಯಷ್ಟು ಎತ್ತರದಲ್ಲಿತ್ತು. ಪ್ರತಿ ಮೂಟೆಯನ್ನೂ ಅಷ್ಟೆತ್ತರಕ್ಕೆ ಹೊರುವ ಬದಲು ವ್ಯಾಪಾರಿಗಳು ಕಟ್ಟೆಯಿಂದ ನೇರವಾಗಿ ಬೀದಿಯ ಅಡಿಯಲ್ಲೇ ಸುರಂಗ ಕೊರೆದು ತಮ್ಮ ಮನೆಯ ನೆಲಮಾಳಿಗೆಗೆ ಸೇರಿಸಿಕೊಂಡರು. ದೋಣಿ ಬಂತು, ಪೀಪಾಯಿ ಕಟ್ಟೆಗೆ ಇಳಿಯಿತು, ಅಲ್ಲಿಂದ ಉರುಳಿಸಿಕೊಂಡು ಒಳಗೆ. ಮೇಲೆ ಬೀದಿಯಲ್ಲಿ ಜನ ಓಡಾಡುತ್ತಿದ್ದರೆ ಅವರ ಕಾಲಡಿಯಲ್ಲೇ ದಾಸ್ತಾನು ತುಂಬುತ್ತಿತ್ತು. 13ನೇ ಶತಮಾನದ ಹೊತ್ತಿಗೆ ಇಂಥ ನೆಲಮಾಳಿಗೆಗಳು ಸಾಲುಸಾಲಾಗಿ ಎದ್ದಿದ್ದವು. 14ನೇ ಶತಮಾನದ ಕೊನೆಗೆ ಪೂರ್ವದಲ್ಲಿ ತೋಡಿದ ನ್ಯೂವೆಗ್ರಾಖ್ಟ್, ಅಂದರೆ ಹೊಸ ಕಾಲುವೆಯಲ್ಲೂ ಇದೇ ಕ್ರಮ. ಎರಡೂ ಸೇರಿ 700ಕ್ಕೂ ಹೆಚ್ಚು ಮಾಳಿಗೆಗಳಿವೆ.

ಯಾವ ದಿನ ಹೋಗಬೇಕು? ಶನಿವಾರ. ಜನ ಜಾಸ್ತಿ, ನಿಜ. ಆದರೆ ಯಾನ್ಸ್‌ಕೆರ್ಕ್‌ಹೋಫ್ ಚೌಕದಲ್ಲಿ ಹೂವಿನ ಸಂತೆ, ಬ್ರೇಡ್‌ಸ್ಟ್ರಾಟ್ ಬೀದಿಯಲ್ಲಿ ಮಾರುಗಟ್ಟಲೆ ಅಳೆದು ಬಟ್ಟೆ ಮಾರುವ ಸಂತೆ, ವ್ರೇಡೆನ್‌ಬರ್ಗ್‌ನಲ್ಲಿ ಹಣ್ಣು, ತರಕಾರಿ, ಗಿಣ್ಣಿನ (ಚೀಸ್) ಸಂತೆ, ಮೂರೂ ಇರುವ ದಿನ ಅದೊಂದೇ. ಬಟ್ಟೆಯ ಸಂತೆ 1597ರಿಂದ ನಡೆದು ಬಂದಿದೆ ಎನ್ನುತ್ತಾರೆ. ಅದು ಮಧ್ಯಾಹ್ನಕ್ಕೆಲ್ಲ ಗಂಟು ಕಟ್ಟುತ್ತದೆ, ಹಾಗಾಗಿ ಮೊದಲು ಅದಕ್ಕೆ ಹೋಗಿ. ಸೋಮವಾರ ಮಾತ್ರ ಬೇಡ. ವಸ್ತುಸಂಗ್ರಹಾಲಯಗಳು ಬಾಗಿಲು ಹಾಕಿರುತ್ತವೆ, ಅಂಗಡಿಗಳೂ ಅನೇಕ ಕಡೆ ಮಧ್ಯಾಹ್ನದ ಮೇಲೆಯೇ ತೆರೆಯುವುದು. ತಿಂಗಳ ಮಾತು ಹೇಳುವುದಾದರೆ ಮೇ, ಜೂನ್, ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತರವರೆಗೆ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ದೀಪದ ಬೆಳಕಲ್ಲಿ ಕಾಲುವೆ ಚಂದವೇ, ಆದರೆ ಕಟ್ಟೆಯ ಮೇಲೆ ಕೂರುವ ಸುಖ ಸಿಗುವುದಿಲ್ಲ.

ರೈಲಿನ ವಿಷಯ. ಆಮ್‌ಸ್ಟರ್‌ಡಾಮ್‌ನಿಂದ ಹಗಲಲ್ಲಿ ಹತ್ತು ನಿಮಿಷಕ್ಕೊಂದರಂತೆ ಇಂಟರ್‌ಸಿಟಿ ಇದೆ. ಐಂಡ್‌ಹೋವನ್‌ನಿಂದ ಸುಮಾರು 50 ನಿಮಿಷ, ರಾಟರ್‌ಡಾಮ್‌ನಿಂದ 40. ಸೀಟು ಕಾದಿರಿಸುವ ಪದ್ಧತಿ ಇಲ್ಲ. 2023ರಿಂದ ಮಾಮೂಲು ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ಇಳಿದ ಮೇಲೆ ಮತ್ತೆ ತಾಗಿಸಿ ಹೊರಬರಬೇಕು. ಇಲ್ಲಿ ಗುಂಪಾಗಿ ಹೋಗುವವರು ಮಾಡುವ ತಪ್ಪುಗಳು ಮೂರು. ಒಬ್ಬರ ಕಾರ್ಡ್‌ನಲ್ಲಿ ಇಬ್ಬರು ಹೋಗಲು ನೋಡುವುದು ಒಂದು. ತಲೆಗೊಂದು ಕಾರ್ಡ್ ಬೇಕು. ಹೋಗುವಾಗ ಕಾರ್ಡ್ ತಾಗಿಸಿ ಇಳಿಯುವಾಗ ಫೋನ್ ತಾಗಿಸುವುದು ಇನ್ನೊಂದು. ಎರಡೂ ಒಂದೇ ಬ್ಯಾಂಕ್ ಖಾತೆಯದ್ದಾದರೂ ಯಂತ್ರದ ಲೆಕ್ಕದಲ್ಲಿ ಬೇರೆ ಬೇರೆ ಕಾರ್ಡು. ಎರಡು ಪ್ರಯಾಣ ಶುರುವಾಗಿ ಎರಡೂ ಮುಗಿಯದೆ ಉಳಿಯುತ್ತವೆ, ಒಂದೊಂದಕ್ಕೂ 20 ಯೂರೋ ಕಡಿತವಾಗುತ್ತದೆ. ಹೊರಗೆ ಬರುವಾಗ ತಾಗಿಸುವುದನ್ನೇ ಮರೆಯುವುದು ಮೂರನೆಯದು, ಗೇಟಿಲ್ಲದ ಸಣ್ಣ ನಿಲ್ದಾಣಗಳಲ್ಲಿ ಇದು ಬಹಳ. ನಾಲ್ಕಾರು ಜನ ಒಟ್ಟಿಗೆ ಹೊರಟಿದ್ದರೆ ರೈಲ್ವೆಯ ಗುಂಪು ಟಿಕೆಟ್ ತುಂಬ ಅಗ್ಗ. ಒಂದೇ ರೈಲಿನಲ್ಲಿ ಒಟ್ಟಿಗೆ ಹೋಗಬೇಕು, ವಾರದ ದಿನವಾದರೆ ಬೆಳಗ್ಗೆ 6.30ರಿಂದ 9 ಮತ್ತು ಸಂಜೆ 4ರಿಂದ 6.30ರ ದಟ್ಟಣೆಯ ಹೊತ್ತಿನಲ್ಲಿ ಅದು ನಡೆಯುವುದಿಲ್ಲ. ಶನಿವಾರ ಭಾನುವಾರ ಈ ಕಟ್ಟುಪಾಡಿಲ್ಲ. ಶನಿವಾರಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ಉಟ್ರೆಕ್ಟ್ ಸೆಂಟ್ರಾಲ್ ದೇಶದಲ್ಲೇ ಅತಿ ಹೆಚ್ಚು ಜನ ಬಳಸುವ ನಿಲ್ದಾಣ. ‘ನಿಲ್ದಾಣದಲ್ಲಿ ಸಿಗೋಣ’ ಎಂದರೆ ಅರ್ಧ ಗಂಟೆ ಹುಡುಕಾಟವೇ. ಹೊರಗೆ ಹೋಗಲು ಎರಡು ಕಡೆ ದಾರಿ. ಒಂದು ಯಾರ್‌ಬೂರ್ಸ್ ಎಂಬ ವಸ್ತುಪ್ರದರ್ಶನ ಸಭಾಂಗಣದ ಕಡೆ, ಇನ್ನೊಂದು ಊರಿನ ಕಡೆ. ‘ಸೆಂಟ್ರುಮ್’ ಎಂದು ಬರೆದಿರುವ ಕಡೆಯೇ ಬರಬೇಕು. ಅಲ್ಲಿ ಜೇನುಗೂಡಿನಂಥ ತೂತುಗಳಿರುವ ಬಿಳಿ ಚಾವಣಿಯ ಕೆಳಗೆ ಅಗಲವಾದ ಮೆಟ್ಟಿಲುಗಳಿವೆ, ಸೇರಲು ಅದೇ ಸರಿಯಾದ ಜಾಗ. ಆ ಮೆಟ್ಟಿಲುಗಳ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಮೂರು ಅಂತಸ್ತಿನ ನಿಲ್ದಾಣವಿದೆ, 2019ರಲ್ಲಿ ಪೂರ್ತಿಯಾಗಿ ತೆರೆದದ್ದು, ಸೈಕಲ್ ನಿಲ್ದಾಣಗಳಲ್ಲಿ ಜಗತ್ತಿಗೇ ದೊಡ್ಡದು. ಸೈಕಲ್ ಮೇಲೆ ಕೂತೇ ಒಳಗೆ ಇಳಿದು ಹೋಗುತ್ತಾರೆ. ಐದು ನಿಮಿಷ ನಿಂತು ನೋಡಿ, ಆದರೆ ಇಳಿಜಾರಿನ ದಾರಿಯಲ್ಲಿ ನಿಲ್ಲಬೇಡಿ. ಇಡೀ ದಿನಕ್ಕೆ ಇದೊಂದು ಎಚ್ಚರ ಬೇಕು: ಕೆಂಪು ಡಾಂಬರಿನ ಪಟ್ಟಿ ಸೈಕಲ್ಲಿನದು. ಮಾತಾಡುತ್ತಾ ನಾಲ್ಕು ಜನ ಸಾಲಾಗಿ ಅದರ ಮೇಲೆ ನಡೆದರೆ ಹಿಂದಿನಿಂದ ಗಂಟೆ ಬಾರಿಸುತ್ತಾರೆ, ಆಗ ದಿಢೀರನೆ ಪಕ್ಕಕ್ಕೆ ಜಿಗಿಯಬಾರದು. ನೇರವಾಗಿ ನಡೆಯುತ್ತಲೇ ನಿಧಾನಕ್ಕೆ ಬಲಕ್ಕೆ ಸರಿದರೆ ಅವರು ದಾಟಿಕೊಳ್ಳುತ್ತಾರೆ.

ನಿಲ್ದಾಣದಿಂದ ಹಳೇ ಊರಿಗೆ ಹತ್ತು ನಿಮಿಷದ ನಡಿಗೆ. ಎಲ್ಲರೂ ಹೋಖ್ ಕ್ಯಾಥರೈನೆ ಮಾಲ್‌ನ ಒಳಗಿಂದ ಹೋಗುತ್ತಾರೆ. ಹೊರಗಿನಿಂದ ಬನ್ನಿ, ಕ್ಯಾಥರೈನೆಸಿಂಗಲ್ ನೋಡಬೇಕು. ಹಳೇ ಊರಿನ ಸುತ್ತ ಕೋಟೆಯ ಕಂದಕವಿತ್ತು, ಈಗಲೂ ಇದೆ, ಅದಕ್ಕೆ ಸಿಂಗಲ್ ಎಂದು ಹೆಸರು. 1958ರಲ್ಲಿ ಜರ್ಮನಿಯ ಸಂಚಾರ ತಜ್ಞ ಫ್ಯೂಖ್ಟಿಂಗರ್ ಈ ಕಂದಕವನ್ನೇ ಮುಚ್ಚಿ ಊರಿಗೆ ಸುತ್ತು ರಸ್ತೆ ಮಾಡಬಹುದೆಂದು ಯೋಜನೆ ಕೊಟ್ಟ. ಪ್ರತಿಭಟನೆ ಎದ್ದಿತು, ಪೂರ್ವದ ಭಾಗ ಉಳಿಯಿತು. ಪಶ್ಚಿಮದ್ದು ಉಳಿಯಲಿಲ್ಲ. 1970ರ ದಶಕದ ಆರಂಭದಲ್ಲಿ ಅಲ್ಲಿ ನೀರು ಬತ್ತಿಸಿ, ತಗ್ಗಿನಲ್ಲೇ ಹೆದ್ದಾರಿ ಹಾಕಿದರು. ಪಕ್ಕದಲ್ಲಿ ಮಾಲ್ ಎದ್ದಿತು. ಮೂವತ್ತು ವರ್ಷ ಕಳೆದು, 2002ರಲ್ಲಿ ಊರಿನವರ ಮತ ಕೇಳಿದಾಗ ನೀರು ವಾಪಸು ಬರಲಿ ಎಂಬ ಯೋಜನೆಗೆ ಬಹುಮತ ಬಂತು. ಹಂತಹಂತವಾಗಿ ಕೆಲಸ ನಡೆದು 2020ರ ಸೆಪ್ಟೆಂಬರ್ 12ರಂದು ಕೊನೆಯ ತುಂಡಿಗೂ ನೀರು ತುಂಬಿತು. ಈಗ ಕಂದಕ ಮತ್ತೆ ಪೂರ್ತಿ ಉಂಗುರ, ಸುಮಾರು ಆರು ಕಿಲೋಮೀಟರ್. ಮಾಲ್‌ನ ಅಡಿಯಲ್ಲೂ ದೋಣಿ ಹೋಗುತ್ತದೆ. ಅಲ್ಲಿ ಹೋದವರಿಗೆ ಕಾಣುವುದು ಹುಲ್ಲಿನ ಇಳಿಜಾರು, ಜೊಂಡು, ನೀರಿನಲ್ಲಿ ಒಂದೆರಡು ಬಾತು. ದಶಕಗಟ್ಟಲೆ ಇಲ್ಲಿ ಕಾರು ಓಡುತ್ತಿತ್ತು ಎಂದು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಚ್ಚಿದ ನೀರನ್ನು ಒಂದು ಊರು ಮತ ಹಾಕಿ ಮತ್ತೆ ತೆರೆದದ್ದು ಸಣ್ಣ ಮಾತಲ್ಲ. ಉಟ್ರೆಕ್ಟ್‌ನಲ್ಲಿ ತಲೆಬಾಗಿ ನಿಲ್ಲಬೇಕಾದ ಜಾಗ ಇದು, ಡೋಮ್ ಚರ್ಚಿನ ಗೋಪುರಕ್ಕಿಂತ ಮೊದಲು.

ಇನ್ನು ಔಡೆಗ್ರಾಖ್ಟ್. ನಡುವಿನ ಸ್ಟಾಡ್‌ಹೌಸ್ ಸೇತುವೆ, ಅಂದರೆ ಪುರಭವನದ ಸೇತುವೆಯ ಹತ್ತಿರ ಅಂಗಡಿ, ಜನ, ಹೋಟೆಲಿನ ಕುರ್ಚಿಗಳು ಕಿಕ್ಕಿರಿದಿರುತ್ತವೆ. ಫೋಟೋಗಳಲ್ಲಿ ಬರುವುದು ಇದೇ ಭಾಗ. ಗೆಳೆಯರ ಜೊತೆ ಮಾತಾಡಿಕೊಂಡು ನಡೆಯಲು ಮಾತ್ರ ದಕ್ಷಿಣದ ತುದಿಯಿಂದ ಶುರು ಮಾಡುವುದೇ ಮೇಲು. ಟೋಲ್‌ಸ್ಟೇಗ್ ಸೇತುವೆಯ ಹತ್ತಿರ, ಟ್ವೈನ್‌ಸ್ಟ್ರಾಟ್ ಬೀದಿಯ ಬ್ರೆಡ್ ಅಂಗಡಿ, ಗಿಣ್ಣಿನ ಅಂಗಡಿಗಳಲ್ಲಿ ಕೊಂಡದ್ದನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯಿರಿ. ಮೆಟ್ಟಿಲು ಕಡಿದಾಗಿರುತ್ತದೆ, ಕಲ್ಲು ಸವೆದಿರುತ್ತದೆ. ಮಳೆ ಬಿದ್ದ ಮೇಲೆ, ಎಲೆ ಉದುರುವ ಅಕ್ಟೋಬರ್‌ನಲ್ಲಿ ಇನ್ನೂ ಹೆಚ್ಚಾಗಿ, ಜಾರುತ್ತದೆ. ಕಟ್ಟೆಯ ಅಂಚಿಗೆ ಕಂಬಿ ಇಲ್ಲ. ಪುಟ್ಟ ಮಕ್ಕಳಿದ್ದರೆ ಕೈ ಬಿಡಬಾರದು. ಕೆಲವು ಮೆಟ್ಟಿಲುಗಳಿಗೆ ಗೇಟು ಹಾಕಿರುತ್ತಾರೆ, ಅವು ಮನೆಯವರದ್ದು. ದುರಸ್ತಿ ನಡೆಯುವ ಕಡೆ ಕಟ್ಟೆ ನಡುವೆಯೇ ಮುಚ್ಚಿರಬಹುದು, ಆಗ ಮೇಲೆ ಹತ್ತಿ ಮುಂದಿನ ಮೆಟ್ಟಿಲಲ್ಲಿ ಇಳಿದರಾಯಿತು.

ಕೆಳಗೆ ಇಳಿದ ಮೇಲೆ ಒಂದು ಮಾಳಿಗೆಯ ಬಾಗಿಲ ಮುಂದೆ ನಿಂತು ಸಾವಕಾಶವಾಗಿ ನೋಡಿ. ಕೆಂಪು ಇಟ್ಟಿಗೆಯ ಕಮಾನು, ಎರಡು ಕದದ ಮರದ ಬಾಗಿಲು. ಇಟ್ಟಿಗೆಯ ಮೇಲೆ ಅಲ್ಲಲ್ಲಿ ಬಿಳಿ ಪುಡಿ ಕಾಣುತ್ತದೆ, ನಮ್ಮ ಹಳೇ ಮನೆಗಳ ಗೋಡೆಯಲ್ಲಿ ‘ಉಪ್ಪು ಬಿಟ್ಟಿದೆ’ ಅನ್ನುತ್ತೇವಲ್ಲ, ಹಾಗೆ. ಮೇಲಿನ ರಸ್ತೆಯೇ ಈ ಮಾಳಿಗೆಯ ಚಾವಣಿ. ರಸ್ತೆಗೆ ಬಿದ್ದ ಮಳೆ ಮಣ್ಣಲ್ಲಿ ಇಂಗಿ ಕಮಾನಿನ ಇಟ್ಟಿಗೆಗೆ ಬರುತ್ತದೆ, ಜೊತೆಗೆ ಲವಣ ತರುತ್ತದೆ; ನೀರು ಆರಿದಾಗ ಲವಣ ಹೊರಗೆ ಅರಳಿ ಇಟ್ಟಿಗೆಯ ಮೈಯನ್ನು ಸಿಪ್ಪೆಸಿಪ್ಪೆಯಾಗಿ ಕಿತ್ತುಹಾಕುತ್ತದೆ. ಮೇಲೆ ಭಾರದ ಲಾರಿ ಓಡಿದರೆ ಕಮಾನು ಬಿರಿಯುತ್ತದೆ. ಮರದ ಬೇರು ಗೋಡೆಯ ಸಂದಿಗೆ ನುಗ್ಗುತ್ತದೆ. ಆ ಮರಗಳಿಲ್ಲದೆ ಕಾಲುವೆಗೆ ನೆರಳಿಲ್ಲ, ಮರ ಬೆಳೆದಷ್ಟೂ ಗೋಡೆಗೆ ಅಪಾಯ. ಊರಿನ ಎಂಜಿನಿಯರುಗಳು ವರ್ಷಗಟ್ಟಲೆ ಒಂದೊಂದೇ ತುಂಡು ಗೋಡೆಯನ್ನು ಬಿಚ್ಚಿ ಕಟ್ಟುತ್ತಾ ಬಂದಿರುವುದು ಇದಕ್ಕೇ.

ಲಾರಿ ಬರಬಾರದು ಎಂದರೆ ಕಟ್ಟೆಯ ಹೋಟೆಲುಗಳಿಗೆ ಸಾಮಾನು ಹೇಗೆ? ಉತ್ತರ ನೀರಿನ ಮೇಲೆಯೇ ತೇಲಿ ಬರುತ್ತದೆ. ನಗರಸಭೆಯ ‘ಬೀರ್‌ಬೋಟ್’ ಎಂಬ ಸರಕು ದೋಣಿ ಬಿಯರ್ ಪೀಪಾಯಿ, ಅಡುಗೆ ಸಾಮಾನು ತಂದು ಕಟ್ಟೆಗೆ ಇಳಿಸುತ್ತದೆ. 2010ರಿಂದ ಅದು ಬ್ಯಾಟರಿಯ ದೋಣಿ. ಕಸ ಒಯ್ಯಲೂ ಬೇರೆ ದೋಣಿಯಿದೆ. 13ನೇ ಶತಮಾನದ ದಕ್ಕೆ ಇಂದಿಗೂ ದಕ್ಕೆಯೇ ಆಗಿ ಉಳಿದಿದೆ ಅನ್ನುವುದು ಈ ದೋಣಿ ಬಂದು ನಿಂತಾಗ ಕಣ್ಣಿಗೆ ಕಾಣುತ್ತದೆ. ನೋಡಬೇಕೆಂದರೆ ಬೆಳಗಿನ ಹೊತ್ತು ಬೇಕು. ಊಟದ ಹೊತ್ತಿಗೆ ಬರುವವರಿಗೆ ಸಿಗುವುದು ಕುರ್ಚಿ ಮೇಜು ಮಾತ್ರ.

ಮೇಲಿನ ಬೀದಿಗೆ ಹತ್ತಿದಾಗ ದೀಪದ ಕಂಬಗಳ ಬುಡ ನೋಡಲು ಮರೆಯಬೇಡಿ. ಕಟ್ಟೆಗೋಡೆಯಿಂದ ಕಾಲುವೆಯ ಕಡೆ ಚಾಚಿದ ಕಲ್ಲಿನ ಮೇಲೆ ದೀಪ ನಿಂತಿರುತ್ತದೆ, ಆ ಕಲ್ಲನ್ನು ಕೆತ್ತಿರುತ್ತಾರೆ. ಮೀನು ಮಾರುವವಳು, ಸನ್ಯಾಸಿ, ಕತೆಯ ಪ್ರಾಣಿಗಳು. ಹೆಚ್ಚಿನವು 1950ರ ದಶಕದ ನಂತರದ ಕೆಲಸ, ಎಷ್ಟೋ ಕೆತ್ತನೆಗಳಿಗೆ ಎದುರಿನ ಮನೆಯ ಅಥವಾ ಆ ಜಾಗದ ಹಳೇ ಕತೆಯ ನಂಟಿದೆ. ನಾವು ನಿಂತ ಬದಿಯ ರಸ್ತೆಯಿಂದ ಇವು ಸರಿಯಾಗಿ ಕಾಣುವುದಿಲ್ಲ, ಎದುರು ದಡದಿಂದ ಅಥವಾ ದೋಣಿಯಿಂದ ನೋಡಬೇಕು.

ದಕ್ಷಿಣದ ಭಾಗದಲ್ಲೇ ಇನ್ನೊಂದು ಇದೆ, ನೆಲ ನೋಡಿಕೊಂಡು ನಡೆದರೆ ಸಿಗುತ್ತದೆ. ಬೀದಿಗೆ ಹಾಸಿದ ಕಲ್ಲುಗಳ ಒಂದು ಸಾಲಿನಲ್ಲಿ ಒಂದೊಂದು ಕಲ್ಲಿಗೆ ಒಂದೊಂದು ಅಕ್ಷರ ಕೊರೆದಿದ್ದಾರೆ. ಒಂದು ಕವಿತೆ ಅದು. 2012ರ ಜೂನ್ 2ರಂದು ಶುರುವಾಯಿತು; ಮೊದಲ ದಿನವೇ 2000ನೇ ಇಸವಿಯಿಂದ ಲೆಕ್ಕ ಹಿಡಿದು ಅಷ್ಟು ವಾರಗಳ ಅಕ್ಷರಗಳನ್ನು ಹಾಸಿದರು, ಆಮೇಲೆ ಪ್ರತಿ ಶನಿವಾರ ಒಂದೇ ಅಕ್ಷರ. ವರ್ಷಕ್ಕೆ 52, ಅಂದರೆ ಒಂದು ಸಾಲು ಮುಗಿಯಲು ಒಂದು ವರ್ಷ ಬೇಕಾದೀತು. ಒಬ್ಬ ಕವಿ ಬರೆದಷ್ಟು ಮುಗಿದ ಮೇಲೆ ಇನ್ನೊಬ್ಬ ಕವಿ ಮುಂದುವರಿಸುತ್ತಾನೆ, ಇದಕ್ಕೆ ಕೊನೆ ಎಂದು ಗೊತ್ತುಮಾಡಿಲ್ಲ. ಶನಿವಾರ ಮಧ್ಯಾಹ್ನ ಒಂದರ ಸುಮಾರಿಗೆ ಕಲ್ಲು ಕೆಲಸದವರು ಬಂದು ಕೂತು ಉಳಿಯಲ್ಲಿ ಆ ವಾರದ ಅಕ್ಷರ ಕೊರೆಯುತ್ತಾರೆ. ಅವಸರದ ದಿನದಲ್ಲಿ ಇದನ್ನು ನೋಡಲು ಆಗುವುದಿಲ್ಲ. ಈ ದಿನದ ಪೂರಾ ಲೆಕ್ಕಾಚಾರವನ್ನು ಶನಿವಾರದ ಒಂದು ಗಂಟೆಯ ಸುತ್ತ ಹೊಂದಿಸಿಕೊಂಡರೂ ತಪ್ಪಿಲ್ಲ.

ಡೋಮ್ ಗೋಪುರ 112 ಮೀಟರ್, ಈ ದೇಶದ ಚರ್ಚ್ ಗೋಪುರಗಳಲ್ಲೆಲ್ಲ ಎತ್ತರದ್ದು. 1321ರಿಂದ 1382ರವರೆಗೆ ಕಟ್ಟಿದರು. ಐದು ವರ್ಷದ ದುರಸ್ತಿ ಮುಗಿದು 2024ರಲ್ಲಿ ಸಾರುವೆ ಪೂರ್ತಿ ಇಳಿದಿದೆ. ಗೋಪುರ ಒಂದು ಕಡೆ, ಚರ್ಚ್ ಇನ್ನೊಂದು ಕಡೆ, ನಡುವೆ ಬಯಲು. ಹೊಸಬರು ಇದನ್ನು ಎರಡು ಬೇರೆ ಕಟ್ಟಡ ಅಂದುಕೊಳ್ಳುತ್ತಾರೆ. ಆ ಬಯಲಲ್ಲಿ ಚರ್ಚಿನ ನಡುಮಂಟಪ ಇತ್ತು. ದುಡ್ಡು ಸಾಲದೆ ಅದನ್ನು ಯೋಜನೆಯ ಪ್ರಕಾರ ಮುಗಿಸಿರಲಿಲ್ಲ. ಗೋಡೆಗೆ ಹೊರಗಿನಿಂದ ಒತ್ತು ಕೊಡುವ ಕಲ್ಲಿನ ಕಮಾನುಗಳಿರಲಿಲ್ಲ. 1674ರ ಆಗಸ್ಟ್ 1ರ ಬಿರುಗಾಳಿಗೆ ಅಷ್ಟು ಭಾಗ ಕುಸಿಯಿತು. ಕಲ್ಲಿನ ರಾಶಿ ಒಂದೂವರೆ ಶತಮಾನ ಹಾಗೇ ಬಿದ್ದಿತ್ತು. ಈಗ ಆ ಬಯಲಿನ ನೆಲಹಾಸಿನಲ್ಲಿ ಹಳೇ ಕಂಬಗಳ ಜಾಗ ಬೇರೆ ಬಣ್ಣದ ಕಲ್ಲಲ್ಲಿ ಗುರುತಾಗಿದೆ, ರೋಮನ್ ಕೋಟೆಯ ಎಲ್ಲೆಗೆ ಲೋಹದ ಪಟ್ಟಿ ಇದೆ.

ಮೇಲೆ ಹತ್ತಬೇಕೆಂದರೆ 465 ಮೆಟ್ಟಿಲು. ಮಾರ್ಗದರ್ಶಕರ ಜೊತೆಗೇ ಹೋಗಬೇಕು, ಹೊತ್ತು ನಿಗದಿ, ಶನಿವಾರದ್ದು ಬೇಗ ತುಂಬುತ್ತದೆ, ಆದ್ದರಿಂದ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಸುರುಳಿ ಮೆಟ್ಟಿಲು ಇಕ್ಕಟ್ಟು. ಬೆನ್ನಿಗೆ ದೊಡ್ಡ ಚೀಲ ಬೇಡ, ಮೊಣಕಾಲು ನೋವಿನವರು ಕೆಳಗೇ ಉಳಿಯಲಿ. ಒಂದೇ ಉಸಿರಿಗೆ ಹತ್ತಿಸುವುದಿಲ್ಲ, ನಡುವೆ ಕೋಣೆಗಳಲ್ಲಿ ನಿಲ್ಲಿಸುತ್ತಾರೆ. ಒಂದರಲ್ಲಿ ತೂಗುವ 14 ಗಂಟೆಗಳಿವೆ, ದೊಡ್ಡದು 8 ಟನ್‌ಗೂ ಭಾರ. ಮೇಲೆ ಇನ್ನೊಂದು ಗಂಟೆಯ ಗುಂಪು ಕಾಲು ಗಂಟೆಗೊಮ್ಮೆ ರಾಗ ನುಡಿಸುತ್ತದೆ. ಹತ್ತದವರು ಪಕ್ಕದ ಪಾಂಡ್‌ಹೋಫ್ ತೋಟದಲ್ಲಿ ಕೂತರೆ ಆ ನಾದ ಇನ್ನೂ ಚೆನ್ನಾಗಿ ಕೇಳುತ್ತದೆ. ಗೋಪುರದೊಳಗೆ ಅದು ಬರೀ ಸದ್ದು.

ಊಟ. ಶುದ್ಧ ಸಸ್ಯಾಹಾರಿಗಳಿಗೆ ಡಚ್ ತಿಂಡಿಗಳಲ್ಲಿ ಕಣ್ಣಿಗೆ ಕಾಣದ ತೊಡಕುಗಳಿವೆ. ಗಿಣ್ಣು ಹೆಪ್ಪು ಹಾಕುವ ವಸ್ತು ಅನೇಕ ಸಲ ಕರುವಿನ ಹೊಟ್ಟೆಯದ್ದು. ‘ಸ್ಟ್ರೆಮ್ಸಲ್’ ಎಂಬ ಪದದ ಪಕ್ಕ ಸಸ್ಯಮೂಲ ಎಂದಿದೆಯೇ ಎಂದು ಕೇಳಬೇಕು. ಆಲೂಗಡ್ಡೆ ಫ್ರೈಸ್ ಹೆಚ್ಚಿನ ಕಡೆ ಎಣ್ಣೆಯಲ್ಲೇ ಕರಿಯುತ್ತಾರೆ, ಆದರೆ ಬೆಲ್ಜಿಯಂ ಪದ್ಧತಿಯ ಕೆಲವು ಅಂಗಡಿಗಳಲ್ಲಿ ದನದ ಕೊಬ್ಬು. ಅದರ ಮೇಲಿನ ಮೇಯನೇಸ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಪ್ಯಾನ್‌ಕೇಕ್‌ನಲ್ಲೂ. ಬಟಾಣಿ ಸೂಪು ಎಂದು ಖುಷಿಯಿಂದ ತರಿಸಿದರೆ ಒಳಗೆ ಹಂದಿಯ ಸಾಸೇಜ್. ಸುರಿನಾಮ್ ಊಟದ ಅಂಗಡಿ ಹುಡುಕುವುದು ಒಳ್ಳೆಯ ದಾರಿ. 1873ರಿಂದ ಡಚ್ಚರು ಭಾರತದಿಂದ ಕೂಲಿಗೆಂದು ಸುರಿನಾಮ್‌ಗೆ ಸಾಗಿಸಿದವರ ಮಕ್ಕಳು ಮರಿಮಕ್ಕಳು, 1975ರಲ್ಲಿ ಆ ದೇಶ ಸ್ವತಂತ್ರವಾದ ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿ ನೆದರ್ಲೆಂಡ್ಸ್‌ಗೆ ಬಂದರು. ಅವರ ರೊಟ್ಟಿ ತಟ್ಟೆಯಲ್ಲಿ ಆಲೂಗಡ್ಡೆ, ಮಾರುದ್ದದ ಅಲಸಂದೆ ಕಾಯಿ ಪಲ್ಯ ಬರುತ್ತದೆ. ಮೊಟ್ಟೆ ಬೇಡ ಎಂದು ಮೊದಲೇ ಹೇಳಬೇಕು. ‘ಬಾರಾ’ ಎಂಬ ಉದ್ದಿನ ಹಿಟ್ಟಿನ ಕರಿದ ತಿಂಡಿ ನಮ್ಮ ವಡೆಗೆ ದೂರದ ನೆಂಟ, ಅಲ್ಲೂ ನಡುವೆ ತೂತು. ಇಲ್ಲವೇ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬನ್ನಿ. ಕಟ್ಟೆಯ ಮೇಲೆ, ಹೋಟೆಲಿನ ಕುರ್ಚಿಗಳಿಲ್ಲದ ಕಡೆ ಕೂತು ತಿನ್ನಲು ಯಾರೂ ಬೇಡ ಅನ್ನುವುದಿಲ್ಲ, ಎಲೆ ಡಬ್ಬಿ ಕಸ ಬಿಡದಿದ್ದರೆ ಸರಿ. ಹೋಟೆಲಿಗೇ ಹೋಗುವುದಾದರೆ ಆರಕ್ಕಿಂತ ಹೆಚ್ಚು ಜನರಿಗೆ ಮೊದಲೇ ಜಾಗ ಕಾದಿರಿಸಬೇಕು. ನಲ್ಲಿ ನೀರು ಕುಡಿಯಲು ಚೆನ್ನಾಗಿದೆ, ಬಾಟಲಿ ತನ್ನಿ. ಕೆಲವು ಅಂಗಡಿಗಳಲ್ಲಿ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರ ಬಳಿಯಾದರೂ ಡೆಬಿಟ್ ಕಾರ್ಡ್ ಇರಲಿ.

ಮಧ್ಯಾಹ್ನದ ನಂತರ ನೀರಿಗೆ ಇಳಿಯುವ ಹೊತ್ತು. ಮೂರು ದಾರಿ. ಸುಮಾರು ಒಂದು ಗಂಟೆ ಸುತ್ತಿಸುವ ಗಾಜಿನ ಚಾವಣಿಯ ದೋಣಿ ವಯಸ್ಸಾದವರಿಗೆ, ಮಳೆಗೆ ಒಳ್ಳೆಯದು. ನಾಲ್ಕು ಜನ ಕೂರುವ ಪೆಡಲ್ ದೋಣಿ ಹರಟೆಗೆ ಒಳ್ಳೆಯದು, ತುಳಿಯುವವರು ತುಳಿಯುತ್ತಾರೆ, ಉಳಿದವರು ಮಾತಾಡುತ್ತಾರೆ. ಕಾಲುವೆಯನ್ನು ಸರಿಯಾಗಿ ನೋಡಬೇಕಾದರೆ ಇಬ್ಬರು ಕೂರುವ ಕಯಾಕ್. ಕಟ್ಟೆಗಿಂತ ಕೆಳಗೆ ಕೂತು ಹೋಗುವಾಗ ಕಮಾನು ಸೇತುವೆಗಳ ಹೊಟ್ಟೆ, ಕೆತ್ತನೆಯ ದೀಪಗಲ್ಲು, ಮಾಳಿಗೆಗಳ ಸಾಲು ಎಲ್ಲವೂ ಒಟ್ಟಿಗೆ ಕಣ್ಣಿಗೆ ಬರುತ್ತವೆ.

ಕಯಾಕ್‌ನಲ್ಲಿ ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದೆ ಕೂತವರು ದಿಕ್ಕು. ಇಬ್ಬರೂ ತಮತಮಗೆ ತೋಚಿದಂತೆ ಹುಟ್ಟು ಹಾಕಿದರೆ ಹುಟ್ಟಿಗೆ ಹುಟ್ಟು ಬಡಿಯುತ್ತದೆ, ದೋಣಿ ಗೋಡೆಗೆ ಹೋಗುತ್ತದೆ. ಭಾರದವರು ಹಿಂದೆ ಕೂರಲಿ. ಮುಂಭಾಗ ಮುಳುಗಿದರೆ ತಿರುಗಿಸುವುದು ಕಷ್ಟ. ಬಲಕ್ಕೆ ತಿರುಗಲು ಎಡಗಡೆ ದೇಹದಿಂದ ದೂರಕ್ಕೆ ಅಗಲವಾದ ಅರ್ಧಚಂದ್ರದಂತೆ ನೀರನ್ನು ಎಳೆಯಬೇಕು, ದೋಣಿಗೆ ಅಂಟಿಸಿಕೊಂಡು ಎಳೆದರೆ ಅದು ಮುಂದಕ್ಕಷ್ಟೇ ಹೋಗುತ್ತದೆ. ಜನ ನೀರಿಗೆ ಬೀಳುವುದು ಬಹುತೇಕ ಹತ್ತುವಾಗ ಇಳಿಯುವಾಗ: ಒಂದು ಕಾಲು ಕಟ್ಟೆಯ ಮೇಲೆ, ಒಂದು ಕಾಲು ದೋಣಿಯಲ್ಲಿ, ದೋಣಿ ಮೆಲ್ಲಗೆ ದೂರ ಸರಿಯುತ್ತದೆ. ಕಟ್ಟೆಯಂಚಿಗೆ ಕೂತು, ಎರಡೂ ಕಾಲನ್ನು ದೋಣಿಯ ನಡುವಿಗಿಟ್ಟು, ಆಮೇಲೆ ಸೊಂಟ ಸರಿಸಬೇಕು. ಸೇತುವೆಯ ಕಮಾನಿನ ಕೆಳಗೆ ಎರಡು ದೊಡ್ಡ ದೋಣಿಗಳಿಗೆ ಜಾಗ ಸಾಲದು. ಎದುರಿನಿಂದ ಸುತ್ತಾಟದ ದೋಣಿ ಬರುವುದು ಕಂಡರೆ ಸೇತುವೆಯ ಈಚೆಯೇ ಬಲದಂಡೆಗೆ ನಿಂತು ಬಿಟ್ಟುಕೊಡಿ. ಅದಕ್ಕೆ ಗಕ್ಕನೆ ನಿಲ್ಲಲು ಆಗದು. ಫೋನಿಗೆ ನೀರು ಹೋಗದ ಚೀಲ, ಒಂದು ಜೊತೆ ಒಣ ಬಟ್ಟೆ ಇರಲಿ. ಏಪ್ರಿಲ್‌ನಲ್ಲಿ ಬಿಸಿಲಿದ್ದರೂ ನೀರು ಕೊರೆಯುತ್ತದೆ.

ದಾರಿ ಯಾವುದು ಎಂದರೆ, ಔಡೆಗ್ರಾಖ್ಟ್‌ನಲ್ಲಿ ಒಂದು ಕಡೆ ಹೋಗಿ ಪೂರ್ವದ ಕಂದಕದಲ್ಲಿ ವಾಪಸು. ಹೊಸಬರಿಗೆ ಸುಮಾರು ಎರಡು ಗಂಟೆ. ಕಂದಕಕ್ಕೆ ಹೊರಳಿದ ಕೂಡಲೇ ಊರಿನ ಸದ್ದು ನಿಂತುಹೋಗುತ್ತದೆ. ಕೋಟೆ ಗೋಡೆಗಳನ್ನು ಒಡೆದ ಜಾಗದಲ್ಲಿ 1830ರ ಸುಮಾರಿಗೆ ಝೋಖರ್ ಎಂಬ ತೋಟಗಾರಿಕೆಯ ಶಿಲ್ಪಿ ಉದ್ಯಾನ ರೂಪಿಸಿದ, ಆ ಕಾಲದ ಹುಲ್ಲಿನ ಏರಿಳಿತ, ದೊಡ್ಡ ಮರಗಳು ಇಂದಿಗೂ ದಡದಲ್ಲಿವೆ. ಕೈ ನಿಲ್ಲಿಸಿ ದೋಣಿಯನ್ನು ತೇಲಲು ಬಿಡಬೇಕಾದದ್ದು ಇಲ್ಲಿ. ಮಳೆ ಹಿಡಿದರೆ ನೀರಿನ ಆಸೆ ಬಿಟ್ಟು ಸ್ಪೇಲ್‌ಕ್ಲಾಕ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಹಳೇ ಚರ್ಚಿನೊಳಗೆ ತಾವಾಗಿ ನುಡಿಯುವ ವಾದ್ಯಗಳು, ಬೀದಿ ಆರ್ಗನ್‌ಗಳು. ಬರೀ ನೋಡಿದರೆ ಏನೂ ಇಲ್ಲ, ನುಡಿಸಿ ತೋರಿಸುವವರ ಜೊತೆ ಸುತ್ತಬೇಕು. 1924ರ ರೀಟ್‌ವೆಲ್ಡ್ ಶ್ರೋಡರ್ ಮನೆ ಅಪರೂಪದ ಕಟ್ಟಡ, ಆದರೆ ಅದು ಬೇರೆ ದಿನದ ಕೆಲಸ, ಇದರೊಳಗೆ ತುರುಕಬೇಡಿ.

ಸಂಜೆಗೆ ಕಾಲುವೆಯ ಜೊತೆಗೇ ಉತ್ತರಕ್ಕೆ ನಡೆದರೆ, ಕಂದಕ ದಾಟಿ ಸ್ವಲ್ಪ ದೂರದಲ್ಲಿ ವೇರ್ಡ್‌ಸ್ಲೌಸ್ ಇದೆ. ಮಟ್ಟ ಬೇರೆಯಾದ ಎರಡು ನೀರಿನ ನಡುವೆ ದೋಣಿಯನ್ನು ಏರಿಸಿ ಇಳಿಸುವ, ಎರಡು ಕಡೆ ಬಾಗಿಲಿರುವ ಲಾಕ್. ಇಂದಿಗೂ ಕೈಯಲ್ಲೇ ತಿರುಗಿಸಿ ತೆರೆಯುತ್ತಾರೆ. ಆಚೆ ವೆಖ್ಟ್ ನದಿ. ವಸಂತದಲ್ಲಿ ಮೀನುಗಳು ಮೊಟ್ಟೆಯಿಡಲು ಆ ನದಿಯಿಂದ ಊರಿನ ಕಾಲುವೆ ಹಾದು ಕ್ರೋಮೆ ರೈನ್ ಎಂಬ ನದಿಯ ಕಡೆ ಹೋಗಬೇಕು. ಆ ತಿಂಗಳುಗಳಲ್ಲಿ ದೋಣಿ ಕಡಿಮೆ, ಹಾಗಾಗಿ ಬಾಗಿಲು ಅಪರೂಪಕ್ಕೆ ತೆರೆಯುತ್ತದೆ, ಮೀನು ಬಾಗಿಲ ಮುಂದೆ ಕಾಯುತ್ತವೆ; ಕಾಯುವ ಮೀನನ್ನು ಹಕ್ಕಿಗಳು, ದೊಡ್ಡ ಮೀನುಗಳು ಹಿಡಿಯುತ್ತವೆ. ಅದಕ್ಕೆ 2021ರಲ್ಲಿ ನೀರೊಳಗೆ ಕ್ಯಾಮೆರಾ ಇಟ್ಟು ಆನ್‌ಲೈನ್‌ನಲ್ಲಿ ನೇರವಾಗಿ ತೋರಿಸತೊಡಗಿದರು. ಮೀನು ಕಂಡರೆ ನೋಡುವವರು ಗಂಟೆಯ ಗುಂಡಿ ಒತ್ತಬೇಕು. ಚಿತ್ರ ಹೋಗುತ್ತದೆ, ಸಾಕಷ್ಟು ಮೀನು ಸೇರಿದ್ದರೆ ಲಾಕ್ ಕಾಯುವವರು ಬಂದು ಬಾಗಿಲು ತಿರುಗಿಸುತ್ತಾರೆ. ‘ಮೀನಿನ ಕರೆಗಂಟೆ’ ಎಂದೇ ಇದರ ಹೆಸರು. ಬೆಂಗಳೂರಿನಲ್ಲಿ ಕೂತವರೂ ಒತ್ತಬಹುದು, ಎಷ್ಟೋ ದೇಶಗಳ ಜನ ಒತ್ತುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಅದರ ಕಾಲ, ಕತ್ತಲಾದ ಮೇಲೆ ಮೀನಿನ ಓಡಾಟ ಹೆಚ್ಚು. ಲಾಕ್‌ನ ಅಂಚಿನಲ್ಲಿ ಫೋನ್ ಹಿಡಿದು ಕೂತರೆ ಪರದೆಯ ಮೇಲೆ ಮೊದಲು ಹಸಿರು ಮಬ್ಬು, ತೇಲುವ ಕಸಕಡ್ಡಿ. ಆಮೇಲೆ ಬದಿಯಿಂದ ಒಂದು ಪಟ್ಟೆಪಟ್ಟೆಯ ಪರ್ಚ್ ಮೀನು ಬಂದು, ಬಾಗಿಲಿಗೆ ಮುಖ ಮಾಡಿ, ರೆಕ್ಕೆ ಆಡಿಸುತ್ತಾ ಅಲ್ಲೇ ನಿಲ್ಲುತ್ತದೆ.